ಪುಟ್ಟ ವಾಚಿಗೆ ಒಂದು ಹಿತ್ತಾಳೆ ಹಿಡಿಕೆ

ಕಳೆದ ಮಳೆಗಾಲದಲ್ಲಿ ಮುಂಬೈ ಹತ್ತಿರದ ಡೊಂಬಿವ್ಲಿಯ ನನ್ನ ವಾಚ್ ರಿಪೇರಿ ಅಂಗಡಿಗೆ ನಮ್ಮೂರ ಕಡೆಯ ಅಕ್ಕ ಒಬ್ಬರು ಬಂದರು. ಕರ್ಚೀಫಿನ ಗಂಟು ಬಿಚ್ಚಿ ಒಂದು ಹೆಂಗಸರ ವಾಚು ಮುಂದಿಟ್ಟರು. "ಅತ್ತೆಯದ್ದು ಅಣ್ಣಾ, 1959ರಲ್ಲಿ ಮದುವೆಗೆ ಕೊಟ್ಟದ್ದಂತೆ. ಮೂರು ಕಡೆ ಕೇಳಿದೆ, ಇಷ್ಟು ಚಿಕ್ಕದು ಆಗೋದಿಲ್ಲ ಅಂದ್ರು" ಅಂದರು. ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದದ್ದೇ 1961ರಲ್ಲಿ. ಇದು ಅದಕ್ಕೂ ಮುಂಚಿನ ಸ್ವಿಸ್ ವಾಚು.

ಒಳಗಿನ ಯಂತ್ರ, ಅಂದರೆ ಮೂವ್‌ಮೆಂಟ್, ಐದೂವರೆ ಲೈನಿನದು. ನಮ್ಮ ಕೆಲಸದಲ್ಲಿ ಈಗಲೂ ಲೈನಿನ ಲೆಕ್ಕವೇ. ಒಂದು ಲೈನ್ ಅಂದರೆ ಸುಮಾರು 2.26 ಮಿಲಿಮೀಟರ್. ಅಂದರೆ ಇದರ ಅಗಲ 12.4 ಮಿ.ಮೀ., ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಎಷ್ಟೋ ಚಿಕ್ಕದು. ಬಿಚ್ಚಿದೆ, ತೊಳೆದೆ, ಎಣ್ಣೆ ಹಾಕಿದೆ. ಅದೆಲ್ಲ ಎಂದಿನ ಕೆಲಸ. ತೊಂದರೆ ಬಂದದ್ದು ಟೈಮ್‌ಗ್ರಾಫರ್ ಮೇಲೆ ಇಡುವಾಗ.

ಟೈಮ್‌ಗ್ರಾಫರ್ ವಾಚಿನ ಟಿಕ್ ಟಿಕ್ ಕೇಳಿ, ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ, ಎಷ್ಟು ಹಿಂದೆ ಅಂತ ಹೇಳುತ್ತದೆ. ಅದರ ಮೈಕಿನ ಸ್ಟ್ಯಾಂಡಿನಲ್ಲಿ ಸ್ಪ್ರಿಂಗ್ ಹಿಡಿತ ಇರುತ್ತದೆ. ಅದನ್ನು ಮಾಡಿರುವುದು ಗಂಡಸರ ವಾಚಿನ ಅಳತೆಗೆ. ಪುಟ್ಟ ಮೂವ್‌ಮೆಂಟಿನಲ್ಲಿ ಅತ್ತಿತ್ತ ಬೀಸುತ್ತ ಸಮಯ ಕಾಯುವ ಬ್ಯಾಲೆನ್ಸ್ ಚಕ್ರ ಅಂಚಿಗೇ ಬಂದು ಕೂತಿರುತ್ತದೆ. ಹಿಡಿತದ ತುಟಿ ಸೀದಾ ಅದರ ಮೇಲೆ ಬರುತ್ತದೆ. ತಾಗಿದರೆ ಪಿವಟ್, ಅಂದರೆ ಆ ಚಕ್ರದ ಅಚ್ಚಿನ ತುದಿ, ಹೋಯಿತು ಅಂತಲೇ ಲೆಕ್ಕ. ಕೂದಲಿಗಿಂತ ಸಣ್ಣ ಪಿವಟ್ ಅದು. ಇಷ್ಟು ಹಳೆಯ ವಾಚಿಗೆ ಇನ್ನೊಂದು ಎಲ್ಲಿಂದ ತರೋದು?

ಮೊದಲು ಸುಲಭದ ದಾರಿ ನೋಡಿದೆ. ಹಳೆಯ ಕ್ವಾರ್ಟ್ಜ್ ವಾಚಿನ ಪ್ಲಾಸ್ಟಿಕ್ ರಿಂಗಿನಲ್ಲಿ ಮೂವ್‌ಮೆಂಟ್ ಕೂರಿಸಿ ಇಟ್ಟೆ. ನೇರ ಗೆರೆ ಬರಬೇಕಾದ ಪರದೆ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿಗಳು. ಪ್ಲಾಸ್ಟಿಕ್ ಶಬ್ದವನ್ನು ನುಂಗಿಬಿಡುತ್ತದೆ. ಮೈಕಿನ ತನಕ ಬರೀ ಲೋಹವೇ ಇರಬೇಕು. ಕಬ್ಬಿಣ ಬೇಡ, ಅದು ಮ್ಯಾಗ್ನೆಟ್ ಹಿಡಿದರೆ ಬ್ಯಾಲೆನ್ಸಿನ ಸಣ್ಣ ಸುರುಳಿ ಹೇರ್‌ಸ್ಪ್ರಿಂಗಿಗೂ ಹತ್ತುತ್ತದೆ. ಹಾಗಾಗಿ ಹಿತ್ತಾಳೆ.

ಭಾನುವಾರ ಬಿಟ್ಟು ಒಂದು ದಿನ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಲೋಹದ ಪೇಟೆ ಗುಲಾಲ್‌ವಾಡಿಗೆ ಹೋದೆ. 6 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ ತಂದೆ. 35 ಮಿ.ಮೀ. ಉದ್ದದ ತುಂಡು ಕತ್ತರಿಸಿದೆ. ಅದನ್ನು ಅಡ್ಡಕ್ಕೆ ಸೀಳಿ ಎರಡು ಹೋಳು ಮಾಡಿ, ನಡುವೆ ಮೂವ್‌ಮೆಂಟ್ ಹಿಡಿಸಬೇಕು, ಸ್ಟ್ಯಾಂಡಿನ ಸ್ಪ್ರಿಂಗ್ ಹೋಳುಗಳನ್ನು ಹಿಡಿಯಬೇಕು ಅಂತ ಯೋಚನೆ. ಎರಡೂ ಹೋಳು ನೇರವಾಗಿ ಜಾರಲು 2 ಮಿ.ಮೀ.ನ ಎರಡು ಪಿನ್ನು ಬೇಕು. ತುಂಡನ್ನು ಸೀಳುವ ಮೊದಲೇ ಪಿನ್ನಿನ ತೂತು ಕೊರೆಸಿ. ಆಮೇಲೆ ಕೊರೆಸಿದರೆ ಎರಡು ತೂತು ಒಂದಕ್ಕೊಂದು ಕೂಡುವುದೇ ಇಲ್ಲ. ಅಷ್ಟು ಉದ್ದದ ತೂತು ನನ್ನ ಕೈ ಡ್ರಿಲ್ಲಿನಲ್ಲಿ ಆಗದು ಅಂತ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ.

ಉಳಿದದ್ದು ಸಣ್ಣ ಫೈಲಿನ ಕೆಲಸ. ಎರಡು ರಾತ್ರಿ ಹಿಡಿಯಿತು. ಮೂವ್‌ಮೆಂಟ್ ಕೂರುವ ಗುಂಡಿಗೆ ಒಂದು ಮೆಟ್ಟಿಲು ತೆಗೆದೆ. ಡಯಲ್ಲು ಮೂವ್‌ಮೆಂಟಿನ ಪ್ಲೇಟಿಗಿಂತ ಕೂದಲೆಳೆಯಷ್ಟು ಹೊರಗೆ ಚಾಚಿರುತ್ತದೆ. ಮೆಟ್ಟಿಲು ಇಲ್ಲದಿದ್ದರೆ ಹಿಡಿತವೆಲ್ಲ ಡಯಲ್ ಅಂಚಿನ ಮೇಲೆ ಬಿದ್ದು ಬಣ್ಣ ಏಳುತ್ತದೆ. ಚಾವಿ ಕೊಡುವ ಕಡ್ಡಿ ಹೊರಬರಲು ಎರಡು ಹೋಳು ಸೇರುವ ಕಡೆ ಅರ್ಧರ್ಧ ತೋಡು ಕೊರೆದೆ.

ಅಕ್ಕನ ವಾಚನ್ನು ಮೊದಲೇ ಇಡಲಿಲ್ಲ. ಚೋರ್ ಬಜಾರಿನಿಂದ ತಂದ ಗುಜರಿ ಡಬ್ಬಿಯಲ್ಲಿ ಅದೇ ಅಳತೆಯ ಮೂವ್‌ಮೆಂಟ್ ಒಂದಿತ್ತು. ಅದನ್ನಿಟ್ಟು ಸ್ಪ್ರಿಂಗ್ ಬಿಟ್ಟೆ. ಟಪ್ ಅಂತ ಚಿಮ್ಮಿ ಗೋಡೆಗೆ ಬಡಿಯಿತು. ಸ್ಪ್ರಿಂಗಿನ ಬಲವೆಲ್ಲ ಹೋಳುಗಳ ಮೂಲಕ ಮೂವ್‌ಮೆಂಟಿನ ಮೇಲೇ ಬೀಳುತ್ತಿತ್ತು. ನನಗೆ ಬೇಕಾದದ್ದು ಶಬ್ದ ದಾಟಬೇಕು, ಒತ್ತಡ ದಾಟಬಾರದು. ಒಂದು ಹೋಳಿಗೆ ಎರಡೂ ಬದಿ ತಲೆಯಿಲ್ಲದ ಸ್ಕ್ರೂ ಹಾಕಿದೆ. ಅದರ ಮೂತಿ ಇನ್ನೊಂದು ಹೋಳಿಗೆ ತಾಗಿ ನಿಲ್ಲುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿ ಮೂವ್‌ಮೆಂಟ್ ಅಲುಗದಷ್ಟು ಹಿಡಿಸಿ, ಸ್ಕ್ರೂ ತಾಗಿಸಿ, ಆಮೇಲೆ ಸ್ಟ್ಯಾಂಡಿಗೆ ಇಟ್ಟರೆ ಸ್ಪ್ರಿಂಗಿನ ಭಾರವನ್ನು ಸ್ಕ್ರೂಗಳೇ ಹೊರುತ್ತವೆ. ಗೀರು ಬೀಳದಿರಲಿ ಅಂತ ಒಳಗೆ ಚರ್ಮ ಅಂಟಿಸಬೇಡಿ. ನಾನು ಅಂಟಿಸಿ ನೋಡಿದೆ, ಮತ್ತೆ ರವೆ. ಕಿತ್ತು, ಹಿತ್ತಾಳೆಯನ್ನೇ ಚೆನ್ನಾಗಿ ಪಾಲಿಶ್ ಮಾಡಿದೆ.

ಅಕ್ಕನ ವಾಚು ಇಟ್ಟಾಗ ಪರದೆಯಲ್ಲಿ ಎರಡು ನೇರ ಗೆರೆ ಬಂತು. ಗಂಟೆಗೆ 18,000 ಬಡಿತ, ಸೆಕೆಂಡಿಗೆ 5. ದಿನಕ್ಕೆ 55 ಸೆಕೆಂಡ್ ಮುಂದೆ. ಬ್ಯಾಲೆನ್ಸಿನ ಬೀಸು 235 ಡಿಗ್ರಿ ತೋರಿಸಿತು. ಆದರೆ ಮೆಷಿನ್ನು ತಾನಾಗೇ 52 ಡಿಗ್ರಿ ಲಿಫ್ಟ್ ಆಂಗಲ್ (ಪ್ರತಿ ಬಡಿತದಲ್ಲಿ ತಳ್ಳು ಸಿಗುವಾಗ ಬ್ಯಾಲೆನ್ಸ್ ತಿರುಗುವ ಕೋನ) ಹಿಡಿದಿರುತ್ತದೆ. ಆ ಮೂವ್‌ಮೆಂಟಿನದು ಬೇರೆ ಇದ್ದರೆ ಬೀಸಿನ ಅಂಕಿ ನಂಬಬೇಡಿ. ಮುಂದೆ ಹಿಂದಿನ ಲೆಕ್ಕಕ್ಕೆ ಅದರಿಂದ ಏನೂ ಆಗುವುದಿಲ್ಲ. ವೇಗ ಸರಿಪಡಿಸುವ ರೆಗ್ಯುಲೇಟರ್ ಒಂದೆಳೆ ಸರಿಸಿ, ಡಯಲ್ ಮೇಲ್ಮುಖವಾಗಿದ್ದಾಗ ದಿನಕ್ಕೆ 15 ಸೆಕೆಂಡ್ ಮುಂದೆ ಅನ್ನುವಷ್ಟಕ್ಕೆ ಇಳಿಸಿದೆ. ಅರವತ್ತು ದಾಟಿದ ಪುಟ್ಟ ವಾಚಿಗೆ ಅಷ್ಟು ಧಾರಾಳವಾಯ್ತು.

ಈಗ ಹೆಂಗಸರ ವಾಚು ಬಂದರೆ ನಾನು ವಾಪಸ್ ಕಳಿಸುವುದಿಲ್ಲ. ಮೊನ್ನೆ ಇನ್ನೊಂದು ಬಂದಿದೆ, ಬರೀ 9 ಮಿ.ಮೀ. ಅಗಲ. ಅದಕ್ಕೆ ಈ ಹಿಡಿಕೆಯೂ ದೊಡ್ಡದಾಯ್ತು. ಗುಲಾಲ್‌ವಾಡಿಯ ಪಟ್ಟಿ ಇನ್ನೊಂದು ಜೋಡಿಗೆ ಆಗುವಷ್ಟು ಉಳಿದಿದೆ. ಈ ವಾರ ಕತ್ತರಿಸುತ್ತೇನೆ.