ಬ್ರಿಟನ್‌ನಲ್ಲಿ ವೃತ್ತಿ ನೋಂದಣಿ: ಊರು ಬಿಡುವ ಮೊದಲೇ ಹಾಕಬೇಕಾದ ಲೆಕ್ಕ

ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಬ್ರಿಟನ್‌ಗೆ ಹೊರಡುವವರು ವಿಮಾನದ ಟಿಕೆಟ್ಟು, ವೀಸಾ, ಮೊದಲ ತಿಂಗಳ ಬಾಡಿಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕುತ್ತಾರೆ. ಕಲಿತ ವೃತ್ತಿಯನ್ನೇ ಅಲ್ಲಿ ಮಾಡಲು ಬೇಕಾದ ನೋಂದಣಿಯ ಖರ್ಚು ಮಾತ್ರ ಏಜೆಂಟರ ಬಾಯಿಂದ ‘ಇಷ್ಟು ಲಕ್ಷ’ ಎಂದು ಒಂದೇ ಗಂಟಾಗಿ ಬರುತ್ತದೆ. ಅದನ್ನು ಹೊಂದಿಸಲು ಪತ್ತಿನ ಸಹಕಾರಿ ಸಂಘದಲ್ಲಿ ಬಂಗಾರ ಅಡವಿಡುತ್ತಾರೆ, ಇಲ್ಲವೇ ಕಬ್ಬಿನ ಬಿಲ್ಲಿಗೆ ಕಾಯುತ್ತಾರೆ. ಆ ಗಂಟನ್ನು ಬಿಚ್ಚಿ ನೋಡಿ ಎಂಬುದೇ ನನ್ನ ಕೋರಿಕೆ. ಪ್ರತಿಯೊಂದು ಶುಲ್ಕವೂ ಆಯಾ ನಿಯಂತ್ರಣ ಸಂಸ್ಥೆಯ ಜಾಲತಾಣದಲ್ಲಿ ಬಹಿರಂಗವಾಗಿದೆ.

ನಮ್ಮ ಭಾಗದಿಂದ ಹೆಚ್ಚು ಹೋಗುವವರಲ್ಲಿ ನರ್ಸ್‌ಗಳಿದ್ದಾರೆ. ಆದ್ದರಿಂದ ಅವರ ದಾರಿಯನ್ನೇ ವಿವರವಾಗಿ ಹೇಳುತ್ತೇನೆ. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿಯ ನೋಂದಣಿಗೆ ನಾಲ್ಕು ಹಂತಗಳಲ್ಲಿ ಹಣ ಕಟ್ಟಬೇಕು. 2024ರ ದರದಂತೆ ಅರ್ಹತೆಯ ಪರಿಶೀಲನೆಗೆ 140 ಪೌಂಡ್. ಕಂಪ್ಯೂಟರ್ ಪರೀಕ್ಷೆಯಾದ ಸಿಬಿಟಿಗೆ 83. ಬ್ರಿಟನ್‌ನಲ್ಲೇ ಬರೆಯಬೇಕಾದ ಪ್ರಾಯೋಗಿಕ ಪರೀಕ್ಷೆ ಆಸ್ಕಿಗೆ 794. ಕೊನೆಯಲ್ಲಿ ಹೆಸರು ನೋಂದಾಯಿಸಲು 153. ಒಟ್ಟು 1,170 ಪೌಂಡ್. ಪೌಂಡಿಗೆ 110 ರೂಪಾಯಿ ಹಿಡಿದರೆ ಸುಮಾರು 1 ಲಕ್ಷದ 29 ಸಾವಿರ ರೂಪಾಯಿ. ಇದರ ಮೇಲೆ ಇಂಗ್ಲಿಷ್ ಭಾಷೆಯ ಐಇಎಲ್‌ಟಿಎಸ್ ಪರೀಕ್ಷೆಗೆ ಹದಿನೇಳು-ಹದಿನೆಂಟು ಸಾವಿರ ಸೇರಿಸಿ. ಅದರ ಬದಲು ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆ ಒಇಟಿ ಬರೆಯುವುದಾದರೆ ಇನ್ನೂ ಹೆಚ್ಚು. ಆಸ್ಕಿ ಶುಲ್ಕವನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಎಷ್ಟೋ ಆಸ್ಪತ್ರೆಗಳು ತಾವೇ ಕಟ್ಟುತ್ತವೆ ಅಥವಾ ಆಮೇಲೆ ಹಿಂದಿರುಗಿಸುತ್ತವೆ. ಸಂದರ್ಶನದಲ್ಲೇ ಇದನ್ನು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೈ ಸುಡುವುದು ಈ ಶುಲ್ಕಗಳಿಗಿಂತ ಹೆಚ್ಚಾಗಿ ಮರುಪರೀಕ್ಷೆಗಳಿಂದ. ಆಸ್ಕಿಯಲ್ಲಿ ಹತ್ತು ಕೇಂದ್ರಗಳು, ಅಂದರೆ ಬಿಡಿಬಿಡಿ ಪರೀಕ್ಷಾ ಘಟ್ಟಗಳು ಇರುತ್ತವೆ: ರೋಗಿಯನ್ನು ಮಾತನಾಡಿಸಿ ಸ್ಥಿತಿ ಅರಿಯುವುದು, ಆರೈಕೆಯ ಯೋಜನೆ ಬರೆಯುವುದು, ಔಷಧಿ ಕೊಡುವುದು, ಕೈಕೆಲಸದ ಕೌಶಲಗಳು ಹೀಗೆ. ಏಳು ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಅನುತ್ತೀರ್ಣರಾದರೆ ಅರ್ಧ ಶುಲ್ಕ, ಅಂದರೆ 397 ಪೌಂಡ್ ಕಟ್ಟಿ ಅಷ್ಟನ್ನೇ ಮತ್ತೆ ಬರೆಯಬಹುದು. ಎಂಟು ಅಥವಾ ಹೆಚ್ಚಾದರೆ ಪೂರ್ತಿ 794. ನಮ್ಮ ನರ್ಸ್‌ಗಳ ಕೈಕೆಲಸ ಚುರುಕಾಗಿರುತ್ತದೆ. ಆದರೆ ರೋಗಿಗೆ ಹೆಸರು ಹೇಳಿಕೊಂಡು, ಒಪ್ಪಿಗೆ ಕೇಳಿ, ಮಾಡುತ್ತಿರುವುದನ್ನು ಬಾಯಿಬಿಟ್ಟು ವಿವರಿಸುವ ರೂಢಿ ನಮ್ಮ ವಾರ್ಡುಗಳಲ್ಲಿ ಕಡಿಮೆ. ಅಲ್ಲಿ ಅಂಕ ಹೋಗುವುದು ಇಂಥ ಕಡೆಯೇ. ಊರಲ್ಲಿರುವಾಗಲೇ ದಿನದ ಕೆಲಸದ ನಡುವೆ ಇದನ್ನು ರೂಢಿಸಿಕೊಳ್ಳಿ. ಇದಕ್ಕೆ ಯಾವ ಕೋಚಿಂಗ್ ಶುಲ್ಕವೂ ಬೇಕಿಲ್ಲ.

ಇಂಗ್ಲಿಷ್ ಪರೀಕ್ಷೆಯಲ್ಲೂ ಇದೇ ಕಥೆ. ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಕೆ, ಮಾತು ಮೂರಕ್ಕೂ 7 ಬೇಕು, ಬರವಣಿಗೆಗೆ 6.5 ಸಾಕು. ಅರ್ಧ ಅಂಕಕ್ಕಾಗಿ ಮತ್ತೆ ಮತ್ತೆ ಬರೆದು ಹಣ ಸುರಿಯುವವರು ಬಹಳ. ಈಗಾಗಲೇ ಬ್ರಿಟನ್‌ನಲ್ಲಿ ಕೇರ್ ಹೋಮ್ ಅಥವಾ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ದುಡಿಯುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿಯಿದೆ, ಅದು ಹಲವರಿಗೆ ಗೊತ್ತೇ ಇಲ್ಲ. ಕಳೆದ ಎರಡು ವರ್ಷಗಳಲ್ಲಿ ಕನಿಷ್ಠ ಹನ್ನೆರಡು ತಿಂಗಳು ಅಲ್ಲಿನ ಆರೋಗ್ಯ ಅಥವಾ ಆರೈಕೆ ಕ್ಷೇತ್ರದಲ್ಲಿ ಕೆಲಸ ಮಾಡಿದ್ದರೆ, ಇಂಗ್ಲಿಷ್ ಮಾಧ್ಯಮದಲ್ಲಿ ನರ್ಸಿಂಗ್ ಓದಿದವರು ಅಥವಾ ಪರೀಕ್ಷೆಯಲ್ಲಿ ಅರ್ಧ ಅಂಕದಿಂದ ಸೋತವರು ಕೆಲಸ ಕೊಟ್ಟವರಿಂದ ಪೂರಕ ದೃಢೀಕರಣ ತಂದುಕೊಡಬಹುದು. 2023ರ ಫೆಬ್ರುವರಿಯಿಂದ ಎನ್‌ಎಂಸಿ ಇದಕ್ಕೆ ಅವಕಾಶ ಕೊಟ್ಟಿದೆ.

ಇನ್ನು ಕಾಗದಪತ್ರ. ಇದರ ಖರ್ಚು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು ನಿಮ್ಮ ನೋಂದಣಿಯನ್ನು ಎನ್‌ಎಂಸಿಗೆ ನೇರವಾಗಿ ದೃಢಪಡಿಸಬೇಕು. ಪರಿಷತ್ತು ಇರುವುದು ಬೆಂಗಳೂರಿನಲ್ಲಿ. ರಾಣಿ ಚೆನ್ನಮ್ಮ ಅಥವಾ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿ ಹೋಗುವುದು ಇಲ್ಲಿರುವಾಗ ಒಂದು ರಾತ್ರಿಯ ಮಾತು; ಲೆಸ್ಟರ್‌ನಲ್ಲಿ ಕುಳಿತು ಅದನ್ನೇ ಮಾಡಿಸಬೇಕೆಂದರೆ ತಮ್ಮನ ರಜೆಗೆ ಕಾಯಬೇಕು. ಗಡಿಭಾಗದವರು ಇನ್ನೂ ಒಂದು ಹೆಜ್ಜೆ ಎಚ್ಚರವಾಗಿರಬೇಕು. ಮೀರಜ್, ಕೊಲ್ಹಾಪುರ ಅಥವಾ ಗೋವಾದಲ್ಲಿ ಕೆಲಸ ಮಾಡುವಾಗ ಅಲ್ಲಿಯ ಪರಿಷತ್ತಿನಲ್ಲೂ ನೋಂದಾಯಿಸಿಕೊಂಡಿದ್ದರೆ ಅದನ್ನೂ ತಿಳಿಸಿ, ಅಲ್ಲಿಂದಲೂ ದೃಢೀಕರಣ ತರಿಸಬೇಕು. ಹೆಸರಿನ ವಿಷಯವೂ ಅಷ್ಟೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು, ಮದುವೆಯ ನಂತರದ ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು. ಇವು ಒಂದಕ್ಕೊಂದು ಹೊಂದದೆ ಅರ್ಜಿ ತಿಂಗಳುಗಟ್ಟಲೆ ನಿಂತರೆ, ಆ ತಿಂಗಳುಗಳಲ್ಲಿ ಸಿಗದೇ ಹೋಗುವ ನರ್ಸ್ ಸಂಬಳವೇ ಎಲ್ಲ ಶುಲ್ಕಕ್ಕಿಂತ ದೊಡ್ಡದು. ಹೊರಡುವ ಮೊದಲೇ ಸರಿಪಡಿಸಿಕೊಳ್ಳಿ.

ಏಜೆಂಟರ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಬ್ರಿಟನ್ ಸರ್ಕಾರದ ಅಂತರರಾಷ್ಟ್ರೀಯ ನೇಮಕಾತಿ ಸಂಹಿತೆಯ ಪ್ರಕಾರ ಆರೋಗ್ಯ ಕ್ಷೇತ್ರದ ನೇಮಕಾತಿ ಸಂಸ್ಥೆಗಳು ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ಭಾರತದ ವಲಸೆ ನಿಯಮಗಳಲ್ಲೂ ನೋಂದಾಯಿತ ಏಜೆಂಟರ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ. ಏಜೆಂಟರ ನೋಂದಣಿಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ‘ಮೊದಲು ಕೇರ್ ವರ್ಕರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಿ’ ಎಂದು ಈಗಲೂ ಹಣ ಕೇಳುವವರನ್ನು ನಂಬಬೇಡಿ. 2025ರ ಜುಲೈ 22ರಿಂದ ಆ ಹುದ್ದೆಗೆ ಹೊರದೇಶದಿಂದ ಹೊಸದಾಗಿ ನೇಮಿಸಿಕೊಳ್ಳುವುದನ್ನು ಬ್ರಿಟನ್ ನಿಲ್ಲಿಸಿದೆ.

ವೈದ್ಯರ ದಾರಿ ದುಬಾರಿ. ಹೊರದೇಶದಲ್ಲಿ ಓದಿದ ವೈದ್ಯರು ನೋಂದಣಿಗಾಗಿ ಬರೆಯುವ ಪ್ಲ್ಯಾಬ್ ಪರೀಕ್ಷೆಯ ಮೊದಲ ಭಾಗಕ್ಕೆ ಸುಮಾರು 270 ಪೌಂಡ್, ಎರಡನೆಯದಕ್ಕೆ ಸುಮಾರು 1,000. ಮೊದಲನೆಯದನ್ನು ಭಾರತದಲ್ಲೇ ಬರೆಯಬಹುದು, ಎರಡನೆಯದಕ್ಕೆ ಮ್ಯಾಂಚೆಸ್ಟರ್‌ಗೇ ಹೋಗಬೇಕು. ವೀಸಾ, ವಿಮಾನ, ವಾಸದ ಖರ್ಚು ಸೇರಿದಾಗ ಪರೀಕ್ಷಾ ಶುಲ್ಕ ಚಿಕ್ಕದಾಗಿ ಕಾಣುತ್ತದೆ. ಎರಡೂ ಪಾಸಾದ ಮಾತ್ರಕ್ಕೆ ಕೆಲಸ ಸಿಗುವ ಕಾಲ ಈಗಿಲ್ಲ. ಒಂದೊಂದು ಹುದ್ದೆಗೆ ವಿಪರೀತ ಅರ್ಜಿಗಳು ಬರುತ್ತಿವೆ. ಬೆಳಗಾವಿಯಲ್ಲೋ ವಿಜಯಪುರದಲ್ಲೋ ಎಂಬಿಬಿಎಸ್ ಮುಗಿಸಿದ ಮಗನಿಗೋ ಮಗಳಿಗೋ ಹೊಲ ಮಾರಿ ಹಣ ಕೊಡುವ ಮೊದಲು ತಂದೆತಾಯಿಗಳು ಇದನ್ನು ತಿಳಿದಿರಬೇಕು.

ಎಂಜಿನಿಯರರಿಗೆ ಅಲ್ಲಿ ಸಾಮಾನ್ಯವಾಗಿ ಪರವಾನಗಿಯೇ ಬೇಡ. ವಿಟಿಯು ಪದವಿ ಇಟ್ಟುಕೊಂಡು ನೇರವಾಗಿ ಕೆಲಸಕ್ಕೆ ಅರ್ಜಿ ಹಾಕಬಹುದು. ಚಾರ್ಟರ್ಡ್ ಎಂಜಿನಿಯರ್ ಎಂಬ ಮನ್ನಣೆ ಐಚ್ಛಿಕ. ಅನಿಲದ ಒಲೆ, ಬಾಯ್ಲರ್ ರಿಪೇರಿ ಮಾಡುವವರು ಮಾತ್ರ ಗ್ಯಾಸ್ ಸೇಫ್ ನೋಂದಣಿ ಮಾಡಿಸಲೇಬೇಕು. ವಕೀಲರು ಸಾಲಿಸಿಟರ್ ಆಗಲು ಬರೆಯಬೇಕಾದ ಎಸ್‌ಕ್ಯೂಇ ಪರೀಕ್ಷೆಯ ಎರಡೂ ಭಾಗಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ಒಟ್ಟು 4,790 ಪೌಂಡ್ ಇತ್ತು, ತರಬೇತಿ ಬೇರೆ. ಭಾರತದಲ್ಲಿ ಈಗಾಗಲೇ ವಕೀಲರಾಗಿದ್ದವರಿಗೆ ಎರಡು ವರ್ಷದ ಕಡ್ಡಾಯ ಅನುಭವದಿಂದ ವಿನಾಯಿತಿ ಇದೆ. ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹ ಶಿಕ್ಷಕರು ಇಂಗ್ಲೆಂಡಿನ ಶಿಕ್ಷಕ ಮಾನ್ಯತೆಗೆ ಇಲ್ಲಿಂದಲೇ ಉಚಿತವಾಗಿ ಅರ್ಜಿ ಹಾಕಬಹುದು. 2023ರಲ್ಲಿ ಈ ಬಾಗಿಲು ಭಾರತೀಯರಿಗೂ ತೆರೆಯಿತು.

ಕೆಲಸಕ್ಕೆ ಸೇರಿದ ಮೇಲೆ ಕೈಯಿಂದ ಕಟ್ಟುವ ವಾರ್ಷಿಕ ನೋಂದಣಿ ಶುಲ್ಕಕ್ಕೆ ತೆರಿಗೆ ವಿನಾಯಿತಿ ಇದೆ. ನರ್ಸ್ ಒಬ್ಬರು 120 ಪೌಂಡ್ ಕಟ್ಟಿ, 20 ಶೇಕಡಾ ತೆರಿಗೆ ಕೊಡುವವರಾಗಿದ್ದರೆ ವರ್ಷಕ್ಕೆ 24 ಪೌಂಡ್ ವಾಪಸು ಬರುತ್ತದೆ. ಹಿಂದಿನ ನಾಲ್ಕು ವರ್ಷಗಳದ್ದನ್ನೂ ಕೇಳಬಹುದು. ಅಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ನೀವೇ ಅರ್ಜಿ ಹಾಕಿ, ಅದಕ್ಕೆ ಶುಲ್ಕವಿಲ್ಲ. ಮಾಡಿಕೊಡುತ್ತೇವೆಂದು ಪಾಲು ಕೇಳುವ ಕಂಪನಿಗಳಿಗೆ ಒಪ್ಪಿಸಬೇಡಿ.