ವಾರ್ಷಿಕ ವರದಿ ಬರೆಯುತ್ತಾ ಕನ್ಸಲ್ಟಿಂಗ್‌ಗೆ ಬಂದ ದಾರಿ

ಬಿ.ಕಾಂ. ಮುಗಿಸಿ ಒಬ್ಬ ಆಡಿಟರ್ ಕಚೇರಿ ಸೇರಿದೆ. ಸಿಎ ಪೂರ್ತಿ ಮಾಡಲಿಲ್ಲ. ಆಮೇಲೆ ಪತ್ರಿಕೆಯ ವಾಣಿಜ್ಯ ಪುಟ, ಅಲ್ಲಿಂದ ಕಂಪನಿಗಳಿಗೆ ವಾರ್ಷಿಕ ವರದಿ ಮಾಡಿಕೊಡುವ ಸಂಸ್ಥೆ, ಈಗ ಸ್ವಂತ ಕನ್ಸಲ್ಟಿಂಗ್. "ಇಷ್ಟೊಂದು ಸಲ ಕೆಲಸ ಬದಲಾಯಿಸಿದ್ರೆ ಯಾರು ನಂಬ್ತಾರೆ?" ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದಾರೆ. ಇವತ್ತು ನನಗೆ ಕೆಲಸ ಕೊಡುವವರು ಆ ಅಲೆದಾಟವನ್ನೇ ನಂಬಿ ಕೊಡುತ್ತಾರೆ.

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಹೊರಬಿದ್ದಾಗ ನಾನು ಸುದ್ದಿಮನೆಯಲ್ಲಿದ್ದೆ. ಲೆಕ್ಕದಲ್ಲಿ ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಅವರೇ ಬರೆದಿದ್ದರು. ಅಲ್ಲಿಯವರೆಗೆ ಅಚ್ಚಾದ ಬ್ಯಾಲೆನ್ಸ್ ಶೀಟ್ ಅಂದರೆ ಮುಗಿದ ಮಾತು ಎಂದುಕೊಂಡಿದ್ದೆ. ಅವತ್ತಿನಿಂದ ಯಾವ ಅಂಕಿ ಕಂಡರೂ ಇದು ಎಲ್ಲಿಂದ ಬಂತು, ಮೊದಲು ಬರೆದವರು ಯಾರು ಅನ್ನೋದು ತಲೆಯಲ್ಲಿ ಕೂತಿತು.

ವರದಿ ಮಾಡುವ ಸಂಸ್ಥೆಯಲ್ಲಿ ಮೊದಮೊದಲು ಭಾಷೆ ತಿದ್ದುವ ಕೆಲಸ. ಅಧ್ಯಕ್ಷರ ಪತ್ರ, ಫೋಟೋ ಕೆಳಗಿನ ಸಾಲು, ಇಂಥವೇ. 2018ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತನ್ನ ನಿಯಮಕ್ಕೆ ಒಂದು ತಿದ್ದುಪಡಿ ತಂದಿತು. ಮುಖ್ಯ ಹಣಕಾಸು ಅನುಪಾತಗಳು (ಬಾಕಿ ವಸೂಲಿಯ ವೇಗ ತೋರಿಸುವಂಥವು) ಹಿಂದಿನ ವರ್ಷಕ್ಕಿಂತ 25% ಅಥವಾ ಅದಕ್ಕಿಂತ ಜಾಸ್ತಿ ಬದಲಾದರೆ ಕಾರಣವನ್ನು ವರದಿಯಲ್ಲಿ ಬರೆಯಬೇಕು. ನನ್ನ ದಾರಿ ತಿರುಗಿದ್ದು ಅಲ್ಲೇ. ಒಂದು ಕಂಪನಿಗೆ ಗ್ರಾಹಕರಿಂದ ಬಾಕಿ ವಸೂಲಿ ತುಂಬಾ ನಿಧಾನವಾಗಿತ್ತು. "ಮಾರುಕಟ್ಟೆ ಪರಿಸ್ಥಿತಿ ಅಂತ ಬರೀರಿ" ಎಂದರು ಫೈನಾನ್ಸ್‌ನವರು. ಸೇಲ್ಸ್‌ನವರ ಜೊತೆ ಕೂತು ಮಾತಾಡಿದರೆ, ವರ್ಷದ ಕೊನೆಯ ಟಾರ್ಗೆಟ್ ಮುಟ್ಟಲು ಡೀಲರುಗಳಿಗೆ ಸಾಲದ ಅವಧಿ ಹೆಚ್ಚಿಸಿದ್ದಾರೆ. ಫೈನಾನ್ಸ್‌ಗೆ ಅದು ಗೊತ್ತೇ ಇಲ್ಲ. ಎರಡು ಸಾಲಿನ ಕಾರಣ ಹುಡುಕಲು ಹೋದ ನನಗೆ ಕಂಪನಿಯೊಳಗಿನ ಗೋಡೆ ಕಂಡಿತು. ಮರುವರ್ಷ ಅವರು ನನ್ನನ್ನು ಕರೆದದ್ದು ಬರೆಯಲಿಕ್ಕಲ್ಲ, ಸಾಲ ಕೊಡುವ ಪದ್ಧತಿ ಸರಿಮಾಡಲಿಕ್ಕೆ.

2021ರ ಮೇ ತಿಂಗಳಲ್ಲಿ ಸೆಬಿ ಬಿಆರ್‌ಎಸ್‌ಆರ್ ನಮೂನೆ ತಂದಿತು, ಅಂದರೆ ಪರಿಸರ ಮತ್ತು ಸಮಾಜದ ಬಗ್ಗೆ ಕಂಪನಿಯ ಹೊಣೆಗಾರಿಕೆಯ ವರದಿ. 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಕಡ್ಡಾಯ. ಕರೆಂಟು, ನೀರು, ಕಸ, ಸಂಬಳ, ಅಪಘಾತ, ಎಲ್ಲದರ ಲೆಕ್ಕ ಕೊಡಬೇಕು. ಇವ್ಯಾವುವೂ ಅಕೌಂಟ್ಸ್ ಸಾಫ್ಟ್‌ವೇರ್‌ನಲ್ಲಿ ಪೂರ್ತಿ ಇರುವುದಿಲ್ಲ. ಜನರೇಟರ್ ಡೀಸೆಲ್ ಸ್ಟೋರ್ಸ್‌ನ ಬೇಡಿಕೆ ಚೀಟಿಯಲ್ಲಿ (ಇಂಡೆಂಟ್) ಇರುತ್ತದೆ, ಟ್ಯಾಂಕರ್ ನೀರು ಸೆಕ್ಯುರಿಟಿ ಗೇಟ್‌ನ ಪುಸ್ತಕದಲ್ಲಿ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಪಘಾತದ ಲೆಕ್ಕ. ಕೆಲಸ ತಪ್ಪುವಂಥ ಗಾಯಗಳು ಎಷ್ಟು, ಅದನ್ನು 10 ಲಕ್ಷದಿಂದ ಗುಣಿಸಿ, ಎಲ್ಲರೂ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಬೇಕು, ಅಂದರೆ 10 ಲಕ್ಷ ಗಂಟೆ ದುಡಿಮೆಗೆ ಎಷ್ಟು ಗಾಯ ಎಂದು. ಒಂದು ಕಾರ್ಖಾನೆ ಕಾರ್ಮಿಕರ ಸಾಲಿನಲ್ಲಿ ಸೊನ್ನೆ ತುಂಬಿ ಕಳಿಸಿತ್ತು. ಶಾಪ್ ಫ್ಲೋರ್‌ನಲ್ಲಿ ಸುತ್ತಾಡುವಾಗ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡಿದ್ದ ಹುಡುಗ ಸಿಕ್ಕಿದ. "ಕಂಪನಿಯವನಲ್ಲ ಸಾರ್, ಕಾಂಟ್ರಾಕ್ಟ್" ಎಂದ. ಅವನ ಗಾಯ ಗುತ್ತಿಗೆದಾರನ ರಿಜಿಸ್ಟರ್‌ನಲ್ಲಿತ್ತು. ಅವನ ಗಂಟೆಗಳು ಎಲ್ಲೂ ಇರಲಿಲ್ಲ. ನಮೂನೆಯಾದರೋ ಕಾಯಂ ಅಲ್ಲದ ಕಾರ್ಮಿಕರನ್ನೂ ಸೇರಿಸಿಯೇ ಕೇಳುತ್ತದೆ. ಇಂಥ ಕಡೆ ನಾನು ಬಗ್ಗುವುದಿಲ್ಲ. ಅವನು ಲೆಕ್ಕಕ್ಕೆ ಬಂದರೆ ತಾನೇ ಅವನ ಕೈಗೆ ಗಾಯ ಮಾಡಿದ ಪ್ರೆಸ್ ಮಷಿನ್‌ಗೆ ಗಾರ್ಡ್ ಹಾಕುವ ಮಾತು ಬರೋದು? ಈಗ ಅಲ್ಲಿ ಗಂಟೆಗಳ ಪಟ್ಟಿ ಮತ್ತು ಗಾಯದ ರಿಜಿಸ್ಟರ್ ಲಗತ್ತಿಸದೆ ಗುತ್ತಿಗೆದಾರನ ಬಿಲ್ ಪಾಸಾಗುವುದಿಲ್ಲ.

ನಾನು ಕೆಲಸ ಮಾಡುವ ರೀತಿಯೂ ಇದರಿಂದಲೇ ಬಂತು. ಮೊದಲು ಸ್ಟೋರ್ಸ್, ಮೆಂಟೆನೆನ್ಸ್, ಗೇಟ್. ಕೊನೆಗೆ ಬೋರ್ಡ್ ರೂಮ್. ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು ಕೊಡುತ್ತೇನೆ. ಇಂಗ್ಲಿಷ್ ನಮೂನೆ ಕೊಟ್ಟರೆ ಸೂಪರ್‌ವೈಸರ್ ಅದನ್ನು ಮೇಲಿನವರಿಗೆ ದಾಟಿಸುತ್ತಾರೆ, ಮೇಲಿನವರು ಅಂದಾಜು ತುಂಬುತ್ತಾರೆ. ಪ್ರತಿ ಅಂಕಿಯ ಪಕ್ಕ ಅದು ಸಿಕ್ಕ ಪುಸ್ತಕ ಯಾವುದು, ಬರೆಯುವವರು ಯಾರು ಎಂದು ನಮೂದಿಸುತ್ತೇನೆ. ಮಾರ್ಚ್ ಮುಗಿದ ಮೇಲೆ ಹುಡುಕಲು ಹೊರಟರೆ ಅರ್ಧ ಸಿಗುವುದಿಲ್ಲ, ಹಾಗಾಗಿ ತಿಂಗಳು ತಿಂಗಳೂ ತೆಗೆಸುತ್ತೇನೆ. ಬರವಣಿಗೆಯಿಂದ ಈ ಕಡೆ ಬರಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ, ಚೆಂದದ ಇಂಗ್ಲಿಷ್‌ಗಿಂತ ಲಾಗ್ ಬುಕ್ ಓದಲು ಬರುವುದು ಮುಖ್ಯ. ಸಿಎ ಕಚೇರಿಯಲ್ಲಿ ವೋಚರ್ ಟಿಕ್ ಹಾಕಿದ ದಿನಗಳು ನನಗೆ ಅದನ್ನು ಕಲಿಸಿದವು.

ಈಗ ಷೇರುಪೇಟೆಯ ಸುದ್ದಿಗೇ ಹೋಗದ ಸಣ್ಣ ಘಟಕಗಳೂ ಕರೆಯುತ್ತಿವೆ. ಬೆಂಗಳೂರಿನ ಪೀಣ್ಯದಲ್ಲಿ ಬೋಲ್ಟು ಮಾಡಿ ಯುರೋಪಿಗೆ ಕಳಿಸುವವರನ್ನು ಅಲ್ಲಿನ ಖರೀದಿದಾರರು ಮಾಲು ತಯಾರಾಗುವಾಗ ಹೊರಬಿದ್ದ ಇಂಗಾಲದ ಲೆಕ್ಕ ಕೇಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಯುರೋಪ್ ಒಕ್ಕೂಟದ ಗಡಿ ಇಂಗಾಲ ನಿಯಮದಲ್ಲಿ (ಸಿಬಿಎಎಂ) ಬೋಲ್ಟು, ಸ್ಕ್ರೂ ಕೂಡ ಸೇರಿವೆ. ಈ ಹೊಗೆಯ ಬಹುಪಾಲು ಪೀಣ್ಯದ್ದಲ್ಲ, ಉಕ್ಕು ತಯಾರಾದ ಜಾಗದ್ದು. ಆದರೆ ಇವರು ಉಕ್ಕಿನ ತಂತಿ ಕೊಳ್ಳುವುದು ಡೀಲರ್‌ನಿಂದ. ಹಾಗಾಗಿ ಟೆಸ್ಟ್ ಸರ್ಟಿಫಿಕೇಟ್‌ಗಳ ಕಟ್ಟು ಬಿಚ್ಚಿ, ಹೀಟ್ ನಂಬರ್ (ಒಂದೇ ಸಲ ಕರಗಿಸಿದ ಉಕ್ಕಿನ ಗುರುತು ಸಂಖ್ಯೆ) ಹಿಡಿದು, ಯಾವ ಮಾಲು ಯಾವ ಉಕ್ಕಿನ ಕಾರ್ಖಾನೆಯದು ಎಂದು ಮಾಲೀಕರ ಜೊತೆ ಕೂತು ಬೇರೆ ಮಾಡುತ್ತಿದ್ದೇವೆ. ಕೆಲವು ಡೀಲರುಗಳು ಸರ್ಟಿಫಿಕೇಟ್ ಕೊಟ್ಟೇ ಇಲ್ಲ. ಮಾಲೀಕರು ಮುಂದಿನ ಖರೀದಿ ಆರ್ಡರ್‌ನಲ್ಲಿ ಅದನ್ನು ಷರತ್ತಾಗಿ ಸೇರಿಸಿದ್ದಾರೆ.