ಎಣಿಕೆ ಎಲ್ಲಿಂದ ಆರಂಭಿಸಬೇಕು: ನನ್ನ ಅನುಭವ

ಮಗು ಬೇಕೆಂದು ನಾವಿಬ್ಬರೂ ನಿಶ್ಚಯಿಸಿದ ಮೇಲೆ, ಗರ್ಭ ನಿಲ್ಲಬಹುದಾದ ದಿನಗಳನ್ನು ಕಂಡುಕೊಳ್ಳಲು ಕಲಬುರಗಿಯ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಗಳಿಗೆ ಗುರುತು ಹಾಕತೊಡಗಿದೆ. ಮೊದಲ ತಪ್ಪು ಅಲ್ಲಿಯೇ ಆಯಿತು. ಹೊರಗಾದವರು ತಲೆಸ್ನಾನ ಮಾಡಿದ ದಿನದಿಂದ, ಅಂದರೆ ಐದನೇ ದಿನದಿಂದ, ಎಣಿಸುವುದು ನಮ್ಮ ಅತ್ತೆಯವರ ರೂಢಿ, ನಾನೂ ಹಾಗೆಯೇ ಎಣಿಸಿದೆ. ಆದರೆ ಚಕ್ರದ (ಒಂದು ಮುಟ್ಟಿನ ಆರಂಭದಿಂದ ಮುಂದಿನ ಮುಟ್ಟಿನವರೆಗಿನ ಅವಧಿಯ) 1ನೇ ದಿನವೆಂದರೆ ರಕ್ತಸ್ರಾವ ಸರಿಯಾಗಿ ಆರಂಭವಾದ ದಿನ. ಆದ್ದರಿಂದ ನಾನು 14ನೇ ದಿನವೆಂದು ತಿಳಿದದ್ದು ವಾಸ್ತವದಲ್ಲಿ 18ನೇ ದಿನವಾಗಿರುತ್ತಿತ್ತು.

ಅದನ್ನು ತಿದ್ದಿಕೊಂಡು ಎಂಟು ಚಕ್ರಗಳನ್ನು ಬರೆದಿಟ್ಟೆ. ಅತಿ ಚಿಕ್ಕದು 27 ದಿನ, ಅತಿ ದೊಡ್ಡದು 33 ದಿನ. ಕ್ಯಾಲೆಂಡರ್ ಲೆಕ್ಕದ ಪದ್ಧತಿಯಂತೆ ಚಿಕ್ಕದರಿಂದ 18, ದೊಡ್ಡದರಿಂದ 11 ಕಳೆದಾಗ, ಗರ್ಭ ನಿಲ್ಲಬಹುದಾದ ದಿನಗಳೆಂದು 9ರಿಂದ 22ನೇ ದಿನದವರೆಗಿನ ಅವಧಿ ಸಿಕ್ಕಿತು. ಅಂಡಾಣು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಸುಮಾರು ಐದು ದಿನ ಬದುಕುವುದರಿಂದ ಗರ್ಭ ನಿಲ್ಲಬಹುದಾದ ದಿನಗಳು ಒಂದು ಚಕ್ರದಲ್ಲಿ ಆರೇ. ನನ್ನ ಲೆಕ್ಕದಲ್ಲಿ ಹದಿನಾಲ್ಕು ಬಂದಿದ್ದವು. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಆ ಮುಂದಿನ ಮುಟ್ಟು ಯಾವಾಗ ಎಂಬುದೇ ನನಗೆ ಮೊದಲು ತಿಳಿಯುತ್ತಿರಲಿಲ್ಲ.

ಹೀಗಾಗಿ ಬೆಳಿಗ್ಗೆ ಹಾಸಿಗೆ ಬಿಟ್ಟೇಳುವ ಮೊದಲೇ ಥರ್ಮಾಮೀಟರನ್ನು ನಾಲಿಗೆಯ ಕೆಳಗಿಟ್ಟು ಮೈಯ ಶಾಖ ಬರೆಯತೊಡಗಿದೆ. ನಳದ ನೀರು ನಸುಕಿನಲ್ಲಿ ಬಿಟ್ಟ ದಿನ ಎದ್ದು ಕೊಡ ತುಂಬಿ ಬಂದು ನೋಡಿದರೆ ಅಂಕಿ ನಂಬುವಂತಿರಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ಮಾಳಿಗೆಯ ಮೇಲೆ ನಿದ್ದೆಗೆಟ್ಟ ರಾತ್ರಿಗಳದ್ದೂ ಅದೇ ಕಥೆ. ಅಂಥ ದಿನಗಳ ಮುಂದೆ ಅಡ್ಡಗೆರೆ ಎಳೆದು ಬಿಟ್ಟುಬಿಡುತ್ತಿದ್ದೆ. ಉಳಿದ ಅಂಕಿಗಳಲ್ಲಿ 97.4 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿದ್ದ ಶಾಖ 98ಕ್ಕೆ ಏರಿ ಅಲ್ಲಿಯೇ ನಿಲ್ಲುವುದು ಸ್ಪಷ್ಟವಾಗಿ ಕಂಡಿತು. ಆದರೆ ಶಾಖ ಏರುವುದು ಅಂಡಾಣು ಬಿಡುಗಡೆಯಾದ ನಂತರ, ಅಷ್ಟರಲ್ಲಿ ಒಳ್ಳೆಯ ದಿನಗಳು ಕಳೆದಿರುತ್ತವೆ.

ಮುಂಚಿತವಾಗಿ ಸೂಚನೆ ಕೊಟ್ಟದ್ದು ಬಿಳಿಸ್ರಾವ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿದ್ದು, ಬಳಿಕ ಅಂಟಂಟಾಗಿ, ಕೊನೆಗೆ ಹಸಿ ತತ್ತಿಯ ಬಿಳಿಯ ಭಾಗದಂತೆ ತಿಳಿಯಾಗಿ ಬೆರಳುಗಳ ನಡುವೆ ಎಳೆಯೆಳೆಯಾಗಿ ಹಿಗ್ಗುತ್ತಿತ್ತು. ಇದನ್ನು ರೋಗವೆಂದು ಹೆದರುವವರನ್ನು ನಮ್ಮ ಓಣಿಯಲ್ಲಿ ಕಂಡಿದ್ದೇನೆ. ದುರ್ವಾಸನೆ, ತುರಿಕೆ, ಉರಿ ಇಲ್ಲದಿದ್ದರೆ ಹೆದರಬೇಕಾಗಿಲ್ಲ. ಗರ್ಭ ಬೇಡವೆನ್ನುವವರು ಮಾತ್ರ ನನ್ನ ಈ ಲೆಕ್ಕವನ್ನೇ ನೆಚ್ಚಿಕೊಳ್ಳಬಾರದು.

ಹನ್ನೊಂದನೆಯ ಚಕ್ರದಲ್ಲಿ ಇಂಥ ಸ್ರಾವ 15ನೇ ದಿನ ಕಾಣಿಸಿತು, 18ರಂದು ಶಾಖ ಏರಿತು. ಏರಿದ ಶಾಖ ಹದಿನೆಂಟು ದಿನ ಕಳೆದರೂ ಇಳಿಯದಿದ್ದಾಗ ಔಷಧಿ ಅಂಗಡಿಯಿಂದ ಪರೀಕ್ಷೆಯ ಪಟ್ಟಿ ತರಿಸಿದೆ. ಎರಡು ಗೆರೆ ಮೂಡಿದವು.